ಹೊಳೆಗೆ ಇಳಿಯೋ ಮುಂಚೆ ಕೇಳಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಳೆ ಹಿಡೀತು. ಹೊಳೆ, ಕೆರೆ ಬಗ್ಗೆ ವಾರದಿಂದ ತುಂಬಾ ಜನ ಕೇಳ್ತಿದ್ದೀರಿ. ಅಗ್ನಿಶಾಮಕ ಇಲಾಖೆಯಲ್ಲಿ ನೀರಿಗೆ ಬಿದ್ದವರನ್ನ ಎತ್ತೋ ಕೆಲಸ ಮಾಡಿ ನಿವೃತ್ತರಾದ ನಮ್ಮ ಸಾರ್ ಇವತ್ತು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಹಾಸನ ಬೈಕರ್: ಸಾರ್, ಶೆಟ್ಟಿಹಳ್ಳಿ ಚರ್ಚ್ ಹತ್ರ ಈಜಬಹುದಾ? ನೀರು ನಿಂತಿರುತ್ತಲ್ಲ.

ಸಾರ್: ಬೇಡ. ಅದು ಗೊರೂರು ಅಣೆಕಟ್ಟಿನ ಹಿನ್ನೀರು. ಅಡಿಯಲ್ಲಿ ಹಳೇ ಹೊಲ, ತಗ್ಗು, ಅದರ ಮೇಲೆ ಹೂಳು. ಮೊಣಕಾಲುದ್ದ ಅಂತ ನಿಂತ ಕಡೆಯಿಂದ ಒಂದು ಹೆಜ್ಜೆ ಮುಂದಿಟ್ಟರೆ ಎದೆಯುದ್ದ ಇರಬಹುದು. ಕಾಲು ಹೂತ್ಕೊಂಡ್ರೆ ಈಜು ಬಂದೂ ಪ್ರಯೋಜನ ಇಲ್ಲ. ದಡದಲ್ಲಿ ನಿಂತು ನೋಡಿ ಬನ್ನಿ.

ಬೇಲೂರು ಗಾಳ: ಯಗಚಿ ಡ್ಯಾಮಲ್ಲಿ ಈಗ ಬೋಟಿಂಗ್ ಇದೆಯಾ ಸಾರ್?

ಸಕಲೇಶಪುರ ತೋಟದಮನೆ: ನಮಸ್ಕಾರ ಸಾರ್. ನಮ್ಮ ತೋಟದ ಕೆಳಗೆ ಹೇಮಾವತಿ ಹರಿಯುತ್ತೆ, ಒಂದು ಮಡು ಇದೆ. ನಮ್ಮ ಯಜಮಾನ್ರು ಈಜು ಕಲಿತಿದ್ದೇ ಅಲ್ಲಿ. ಶನಿವಾರ ಬೆಂಗಳೂರಿಂದ ಮೈದುನನ ಮಕ್ಕಳು ಬರ್ತಾರೆ. ಇಬ್ಬರೂ ಸ್ವಿಮ್ಮಿಂಗ್ ಪೂಲಲ್ಲಿ ಕಲಿತವರು, ಇಳೀಬೇಕು ಅಂತ ಈಗಲೇ ಹಟ. ನನಗೊಂದು ಅನುಮಾನ. ಮೊನ್ನೆ ಗುರುವಾರ ಬೆಳಗ್ಗೆ ಬಟ್ಟೆ ಒಗೆಯೋ ಕಲ್ಲು ಒಣಗಿತ್ತು, ಸಂಜೆ ಹೋದ್ರೆ ಕಲ್ಲೇ ಕಾಣ್ಲಿಲ್ಲ. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲ. ಮಾರನೇ ದಿನ ಕಲ್ಲು ಮತ್ತೆ ಮೇಲಿತ್ತು. ನೀರೇನೋ ನೋಡಕ್ಕೆ ಶಾಂತವಾಗಿದೆ.

ಸಾರ್: ಅಕ್ಕ, ಇದಕ್ಕೆ ಉದ್ದ ಬರೀತೀನಿ, ಪೂರ್ತಿ ಓದಿ. ಮನೆಯವರಿಗೂ ಓದಿ ಹೇಳಿ.

ನಿಮ್ಮ ತಲೆ ಮೇಲೆ ಮಳೆ ಬಿತ್ತೋ ಇಲ್ವೋ ಅನ್ನೋದು ಹೊಳೆಗೆ ಲೆಕ್ಕಕ್ಕಿಲ್ಲ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ. ಅಲ್ಲಿ ಹೊಡೆದ ಮಳೆ ಹಳ್ಳಹಳ್ಳದಿಂದ ಕೂಡ್ಕೊಂಡು ನಿಮ್ಮ ಮಡುವಿಗೆ ಬರುತ್ತೆ. ಬರುವಾಗ ನಿಮ್ಮಲ್ಲಿ ಬಿಸಿಲಿರಬಹುದು. ಹಗಲು ಕಳೆಯೋದ್ರೊಳಗೆ ನಿಮ್ಮ ಕಲ್ಲು ಮುಳುಗಿದೆ. ಆ ಹೊತ್ತಲ್ಲಿ ಮಕ್ಕಳು ನೀರಲ್ಲಿದ್ದಿದ್ರೆ?

ಮಡು ಶಾಂತವಾಗಿ ಕಾಣೋದು ಆಳ ಇರೋದ್ರಿಂದ. ಹೊಳೆ ತಿರುಗೋ ಕಡೆ ಹೊರಗಿನ ದಡವನ್ನ ನೀರು ಕೊರೆದಿರುತ್ತೆ, ಮರದ ಬೇರು ಅಡಿಯಲ್ಲಿ ಬಲೆ ಹಾಗೆ ಚಾಚಿರುತ್ತೆ. ಮಡು ಮುಗಿದು ಬಂಡೆ ಸಂದಿಗೆ ನೀರು ನುಗ್ಗೋ ಬಾಯಲ್ಲಿ ಎಳೆತ ಜಾಸ್ತಿ. ಪ್ರತಿ ಮಳೆಗಾಲ ತಳ ಬದಲಾಗುತ್ತೆ. ನಿಮ್ಮ ಯಜಮಾನ್ರು ಈಜಿದ ಮಡು ಈಗ ಹಾಗೇ ಇದೆ ಅಂತ ನಂಬಬೇಡಿ.

ಈಜುಕೊಳದ ನೀರು ಯಾರನ್ನೂ ತಳ್ಳಲ್ಲ. ಹೊಳೆ ತಳ್ಳುತ್ತೆ, ವೇಗ ಎರಡರಷ್ಟಾದ್ರೆ ತಳ್ಳೋ ಬಲ ನಾಲ್ಕರಷ್ಟು. ಒಂದು ಒಣಕಡ್ಡಿ ಎಸೆದು ನೋಡಿ. 10 ಸೆಕೆಂಡಲ್ಲಿ 10 ಮೀಟರ್ ಹೋದ್ರೆ ಅದಕ್ಕೆ ಎದುರಾಗಿ ಈಜಕ್ಕೆ ದೊಡ್ಡವರಲ್ಲೂ ಹೆಚ್ಚಿನವರಿಗೆ ಆಗಲ್ಲ. ತಿಳಿನೀರು ಟೀ ಬಣ್ಣಕ್ಕೆ ತಿರುಗಿದ್ರೆ, ತರಗೆಲೆ, ಕಡ್ಡಿ, ನೊರೆ ರಾಶಿರಾಶಿ ಬಂದ್ರೆ, ಹೊಳೆ ಸದ್ದು ದಪ್ಪ ಆದ್ರೆ ಬಟ್ಟೆ ಬಿಟ್ಟು ದಡ ಹತ್ತಿ.

ಒಂದು ಘಟನೆ ಹೇಳ್ತೀನಿ. ಡ್ಯೂಟಿಯಲ್ಲಿದ್ದಾಗ ಒಂದು ಕಿರುಕಟ್ಟೆ ಕೆಳಗಿಂದ ಅಣ್ಣ ತಮ್ಮ ಇಬ್ಬರನ್ನೂ ಎತ್ತಿದ್ವಿ. ಕಟ್ಟೆ ಮೇಲಿಂದ ಬೀಳೋ ನೀರು ಕೆಳಗೆ ಸುತ್ತು ಹೊಡೆದು ಮತ್ತೆ ಕಟ್ಟೆ ಕಡೆಗೇ ಎಳೆಯುತ್ತೆ, ಸಿಕ್ಕಿದ್ದನ್ನ ಬಿಡಲ್ಲ. ದಡದಲ್ಲಿ ತಮ್ಮನ ಚಪ್ಪಲಿ ಜೋಡಿಸಿಟ್ಟಂಗಿತ್ತು. ಅಣ್ಣನ ಒಂದು ಚಪ್ಪಲಿ ಇಲ್ಲಿ, ಇನ್ನೊಂದು ನಾಲ್ಕು ಮಾರು ಆಚೆ. ಓಡಿಬಂದು ಹಾರಿದ್ದಾನೆ. ಅಲ್ಲೇ ಬೇಲಿಗೆ ಉದ್ದನೆ ಬಿದಿರು ಕಟ್ಟಿತ್ತು. ಅದನ್ನ ಚಾಚಿದ್ರೆ ಅಣ್ಣನಾದ್ರೂ ಉಳೀತಿದ್ದ.

ಶನಿವಾರ ಮಕ್ಕಳನ್ನ ಇಳಿಸಬೇಡಿ. ಇಡೀ ಮಳೆಗಾಲ ಬೇಡ. ದಡದಲ್ಲಿ ಒಂದು ಬಿದಿರು, ಹಗ್ಗ ಕಟ್ಟಿದ ಖಾಲಿ ಎಣ್ಣೆ ಕ್ಯಾನ್ ಇಟ್ಟಿರಿ.

ಹಾಸನ ಕೆ.ಆರ್. ಪುರಂ: ಸಾರ್, ಶೆಟ್ಟಿಹಳ್ಳಿ ಚರ್ಚಲ್ಲಿ ನೀರಿಗೆ ಇಳಿಯಬಹುದಾ?

ಸಾರ್: ಮೇಲಿದೆ.

ಶುಭೋದಯ ಬಳಗ: ಫಾರ್ವರ್ಡ್ ಆಗಿ ಬಂದಿದ್ದು: ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಉಪ್ಪು ನೀರನ್ನೆಲ್ಲ ಹೀರಿ ಜೀವ ಬರುತ್ತದೆ. ಒಂದು ಜೀವ ಉಳಿಸಿ, ಶೇರ್ ಮಾಡಿ.

ಸಾರ್: ದಯವಿಟ್ಟು ಅಳಿಸಿ. ಇದನ್ನ ನಂಬಿ ಮಕ್ಕಳನ್ನ ಉಪ್ಪಲ್ಲಿ ಹೂತಿಟ್ಟು ಕಾದ ತಂದೆ ತಾಯಿ ನಮ್ಮ ರಾಜ್ಯದಲ್ಲೇ ಇದ್ದಾರೆ. ಉಪ್ಪು ಉಸಿರು ತರಲ್ಲ. ಉಸಿರಿಲ್ಲದೆ ಕೆಲವೇ ನಿಮಿಷಕ್ಕೆ ಮೆದುಳು ಸಾಯಕ್ಕೆ ಶುರುವಾಗುತ್ತೆ. ಉಸಿರು ನಿಂತಿದ್ರೆ ಬಾಯಿಗೆ ಬಾಯಿಟ್ಟು ಮೊದಲು 5 ಸಲ ಊದಿ. ಆಮೇಲೆ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ, ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ತೋರಿಸಲೇಬೇಕು.

ಅರಸೀಕೆರೆ ಅಂಗಡಿ: ಹೆಗಲ ಮೇಲೆ ತಲೆಕೆಳಗೆ ಹಾಕಿ ಓಡಿಸಿದ್ರೆ ನೀರು ಬರುತ್ತೆ ಅಂತಾರಲ್ಲ? ಹೊಟ್ಟೆ ಒತ್ತೋದು?

ಸಾರ್: ಎರಡೂ ಬೇಡ. ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಓಡಿಸೋ ಹೊತ್ತಲ್ಲಿ ಜೀವ ಹೋಗುತ್ತೆ.

ಶುಭೋದಯ ಬಳಗ: ನಮ್ಮ ಹಿರಿಯರು ಹೇಳಿದ್ದೆಲ್ಲ ಸುಳ್ಳಾ ಹಾಗಾದ್ರೆ?

ಸಾರ್: ಹಿರಿಯರ ಹೆಸರು ಯಾಕಮ್ಮ ತರ್ತೀರಾ, ನೀವು ಹಾಕಿದ್ದು ಫಾರ್ವರ್ಡು. ಇನ್ನೂ ಅಳಿಸಿಲ್ಲ.

ಆಲೂರು ಮಾಸ್ತರು: ನಮ್ಮೂರ ಕೆರೆ ಬಣ್ಣ ಬಳಿದಂಗೆ ಹಸಿರಾಗಿದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ಹುಡುಗರು ಈಜ್ತಿದ್ದಾರೆ.

ಸಾರ್: ನಿಲ್ಲಿಸಿ ಮಾಸ್ತರೇ. ಹಗಲು ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ಅದೇ ಎಳ್ಕೊಳ್ಳುತ್ತೆ. ಅದಕ್ಕೇ ಬೆಳಕು ಹರಿಯೋ ಮುಂಚೆ ಮೀನಿಗೆ ಉಸಿರು ಸಾಲಲ್ಲ. ಕೆಲವು ಜಾತಿ ಪಾಚಿಯಲ್ಲಿ ವಿಷ ಇರುತ್ತೆ. ಕೆನೆ ಕಟ್ಟಿದ ಕಡೆ ದನಕ್ಕೂ ನೀರು ಕುಡಿಸಬೇಡಿ. ಪಂಚಾಯ್ತಿಗೆ ಬರೆದು ಕೊಡಿ.

ಬೇಲೂರು ಗಾಳ: ಹತ್ತುಮೀನು ಶುರುವಾಗಿದೆ. ರಾತ್ರಿ ಹಳ್ಳಕ್ಕೆ ಹೋಗಬಹುದಾ?

ಮೂಡಿಗೆರೆ ಕೃಷಿಕ: ಮೊಟ್ಟೆ ಇಡಕ್ಕೆ ಹತ್ತಿ ಬರೋ ಮೀನು ಅವು. ಹೊಟ್ಟೆ ತುಂಬಾ ಮೊಟ್ಟೆ ಇರೋದನ್ನ ಕಡಿದು ತಂದು ಫೋಟೋ ಹಾಕ್ತೀರಿ, ಆಮೇಲೆ ಹೊಳೆಯಲ್ಲಿ ಮೀನಿಲ್ಲ ಅಂತೀರಿ.

ಬೇಲೂರು ಗಾಳ: ನಮ್ಮ ತಾತನ ಕಾಲದಿಂದ ಹಿಡೀತಿದ್ದೀವಿ. ಮನೆಗೆ ಎರಡು ಸಾರಿಗಾಗೋಷ್ಟು.

ಮೂಡಿಗೆರೆ ಕೃಷಿಕ: ತಾತ ಬ್ಯಾಟರಿ ಹಿಡ್ಕೊಂಡು ಕರೆಂಟ್ ಬಿಡ್ತಿರಲಿಲ್ಲ.

ಬೇಲೂರು ಗಾಳ: ನಾನು ಕರೆಂಟ್ ಬಿಟ್ಟಿದ್ದು ನೀವು ಕಂಡ್ರಾ? ಮಾತು ನೋಡ್ಕೊಂಡು ಆಡಿ. ನಿಮ್ಮ ತೋಟದ ಔಷಧಿ ನೀರು ಎಲ್ಲಿಗೆ ಹೋಗುತ್ತೆ ಅದು ಹೇಳಿ ಮೊದಲು.

ಮೂಡಿಗೆರೆ ಕೃಷಿಕ: ಹಳ್ಳಕ್ಕೆ ಒಂದು ತೊಟ್ಟು ಬಿಟ್ಟಿಲ್ಲ. ಬಂದು ನೋಡ್ರೀ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಸಾರ್: ರಾತ್ರಿ ಹಳ್ಳಕ್ಕೆ ಹೋಗಬೇಡಿ. ನೀರಿನ ಬಣ್ಣ ಕಾಣಲ್ಲ, ಏರಿದ್ದು ಗೊತ್ತಾಗಲ್ಲ. ಕರೆಂಟ್ ಹಾಯಿಸೋರು ಇರೋ ಕಡೆ ಕಾಲೇ ಇಡಬೇಡಿ.

ಕಡೂರು: ತೆಪ್ಪದಲ್ಲಿ ಹೋಗುವಾಗ ಲಾರಿ ಟ್ಯೂಬ್ ಸಾಕಲ್ವಾ, ಜಾಕೆಟ್ ಯಾಕೆ ದುಡ್ಡು ದಂಡ?

ಸಾರ್: ಸಾಲದು. ಗಾಬರಿಯಲ್ಲಿ ಟ್ಯೂಬ್ ಕೈಜಾರುತ್ತೆ, ಗಾಳಿಗೆ ನಿಮಗಿಂತ ಮುಂಚೆ ಅದೇ ದೂರ ಹೋಗುತ್ತೆ. ಜಾಕೆಟ್ ಹಾಕಿ, ಎಲ್ಲಾ ಪಟ್ಟಿ ಬಿಗಿ ಮಾಡಿ.

ಚನ್ನರಾಯಪಟ್ಟಣ: ಶೆಟ್ಟಿಹಳ್ಳಿಯಲ್ಲಿ ಜಾಕೆಟ್ ಹಾಕ್ಕೊಂಡು ಇಳಿದ್ರೆ?

ಸಾರ್: ಮೂರನೇ ಸಲ. ಬೇಡ ಅಂದ್ರೆ ಬೇಡ.

ಕಡೂರು: ಅಯ್ಯನಕೆರೆಯಲ್ಲಿ ಮೊಸಳೆ ಇದೆಯಾ ಸಾರ್?

ಸಕಲೇಶಪುರ ತೋಟದಮನೆ: ಸಾರ್, ಓದಿ ಹೇಳಿದೆ. ಯಜಮಾನ್ರು ಸುಮ್ಮನಾದ್ರು. ಮೈದುನನಿಗೂ ಫೋನ್ ಮಾಡಿದೆ. ಅವನು, ಏನಾದ್ರೂ ಆದ್ರೆ ಅಣ್ಣ ಜೊತೆಗಿರ್ತಾನಲ್ಲ ಅತ್ತಿಗೆ, ಹಾರಿ ಎತ್ತಲ್ವಾ ಅಂದ.

ಸಾರ್: ಅಕ್ಕ, ಮೈದುನನ ನಂಬರ್ ನನಗೆ ಪರ್ಸನಲ್ಲಾಗಿ ಕಳಿಸಿ. ಈಗಲೇ ಮಾತಾಡ್ತೀನಿ. ಉಳಿದವರು ದಯವಿಟ್ಟು ಕಾಯಿರಿ.