ಬಿಸಿಯೂಟ ಸಾಕಾ, ಡಬ್ಬಿ ಕಟ್ಟಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳನ್ನು ಈ ವರ್ಷ ಸರ್ಕಾರಿ ಶಾಲೆಗೆ 3ನೇ ಕ್ಲಾಸಿಗೆ ಸೇರಿಸಿದ್ದೇನೆ. ತುಂಬಾ ಸಣ್ಣಗಿದ್ದಾಳೆ. ಕ್ಲಾಸಲ್ಲಿ ತೂಕಡಿಸುತ್ತಾಳೆ ಅಂತ ಟೀಚರ್ ಹೇಳಿದರು. ಅಲ್ಲಿನ ಊಟ ಸಾಕಾಗುತ್ತಾ, ಡಬ್ಬಿ ಕಳಿಸಲಾ?

ಕೊಪ್ಪಳದ ಕಡೆಯ ಟೀಚರ್: ಅಕ್ಕಾ, ಮೊದಲು ಬೆಳಗಿನ ತಿಂಡಿ ನೋಡಿ. ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ತೂಕಡಿಸುವ ಮಕ್ಕಳನ್ನು ವಿಚಾರಿಸಿದರೆ ಹೆಚ್ಚಿನವರು ಬರೀ ಚಹಾ ಕುಡಿದು ಬಂದಿರುತ್ತಾರೆ, ಯಾಕೆಂದರೆ ಅವ್ವ ನಸುಕಿನಲ್ಲೇ ಕೂಲಿಗೆ ಹೋಗಿರುತ್ತಾಳೆ. 2013ರಲ್ಲಿ ಕ್ಷೀರಭಾಗ್ಯದ ಹಾಲು ಶುರುವಾದ ಮೇಲೆ, ಮೊದಲ ಪೀರಿಯಡ್‌ನಲ್ಲೇ ಹೊಟ್ಟೆ ನೋವು ಅಂತ ಅಳುವವರು ನಮ್ಮಲ್ಲಿ ಕಮ್ಮಿಯಾದರು. ಊಟದ ಲೆಕ್ಕ ಹೇಳುವುದಾದರೆ, 5ನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆದರೆ ತಟ್ಟೆಗೆ ಬಿದ್ದದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ ಅಲ್ವಾ? ತರಕಾರಿ ಹೋಳು ಆರಿಸಿ ಅಂಚಿಗೆ ಇಡುತ್ತಾರೆ. ನಮ್ಮ ಅಡುಗೆಯವರು ಸೊಪ್ಪು, ಗಜ್ಜರಿ ಬೇಯಿಸಿ ಮಸೆದು ಸಾಂಬಾರಿಗೆ ಹಾಕತೊಡಗಿದ ಮೇಲೆ ಚೆಲ್ಲುವುದು ನಿಂತಿತು. ಡಬ್ಬಿ ಬೇಡ. ಎಲ್ಲರ ಜೊತೆ ಸಾಲಲ್ಲಿ ಕೂತರೆ ಎರಡು ತುತ್ತು ಜಾಸ್ತಿಯೇ ಉಣ್ಣುತ್ತಾಳೆ.

ತುಮಕೂರಿನ ತಾಯಿ: ನನ್ನ ಮಗನೂ ಹೀಗೇ ಇದ್ದ. ಡಾಕ್ಟರಿಗೆ ತೋರಿಸಿದಾಗ ರಕ್ತ ಕಮ್ಮಿ ಅಂದರು. ನೀವೂ ಒಮ್ಮೆ ಪರೀಕ್ಷೆ ಮಾಡಿಸಿ, ಸುಮ್ನೆ ಊಟದ ಮೇಲೆ ಹಾಕಬೇಡಿ. ಶಾಲೆಯಲ್ಲಿ ಜಂತುಹುಳದ ಮಾತ್ರೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅವನು ಅದನ್ನು ನುಂಗದೆ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದ, ಯೂನಿಫಾರಂ ಒಗೆಯುವಾಗ ನನಗೆ ಗೊತ್ತಾಯಿತು. ಈಗ ಊಟ ಆದ ಮೇಲೆ ಟೀಚರ್ ಎದುರಿಗೇ ನುಂಗಿಸುತ್ತಾರೆ. ಊಟದ ಜೊತೆಗೆ, ಊಟ ಆದ ತಕ್ಷಣ ಟೀ ಕೊಡಬೇಡಿ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಾದರೆ ಬಾಳೆಹಣ್ಣಿನ ಬದಲು ಮೊಟ್ಟೆಯನ್ನೇ ತಗೋ ಅಂತ ಹೇಳಿ. ಇನ್ನೊಂದು ಮಾತು, ನಮ್ಮಲ್ಲಿ ಸಾಂಬಾರು ನೀರು ನೀರಾಗಿತ್ತು. ನಾಲ್ಕು ಜನ ತಾಯಂದಿರು ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಗೆ ಹೋಗಿ ಕೇಳಿದೆವು. ಈಗ ಸರದಿ ಮೇಲೆ ಹೋಗಿ ನಾವೇ ರುಚಿ ನೋಡುತ್ತೇವೆ.

ರಾಯಚೂರಿನಿಂದ: 2002ರಲ್ಲಿ ಬಿಸಿಯೂಟ ಮೊದಲು ಬಂದದ್ದು ನಮ್ಮ ಕಡೆಯ ಜಿಲ್ಲೆಗಳಿಗೆ. ಆಗ ನಾನು 4ನೇ ಕ್ಲಾಸು. ಅದಕ್ಕೂ ಮುಂಚೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಮನೆಗೆ ಕೊಡುತ್ತಿದ್ದರು, ಅದು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಮಧ್ಯಾಹ್ನ ಉಣ್ಣಲು ಮನೆಗೆ ಹೋದರೆ ಬಾಗಿಲಿಗೆ ಬೀಗ. ಹಾಗೇ ಅವ್ವನನ್ನು ಹುಡುಕಿಕೊಂಡು ಹೊಲಕ್ಕೆ ಹೋದರೆ ಮತ್ತೆ ಶಾಲೆ ಕಡೆ ಬರುತ್ತಲೇ ಇರಲಿಲ್ಲ. ನಮಗೆ ಲೆಕ್ಕದ ಪಾಠ ಮಧ್ಯಾಹ್ನವೇ ಇತ್ತು. ನಾನು ಭಾಗಾಕಾರ ಕಲಿತದ್ದು ಊಟ ಶುರುವಾದ ಆ ವರ್ಷ.