ಫೋರ್ ವೀಲ್‌ಗೆ ಹಾಕಿದಾಗ ಮಾತ್ರ ಮುಂಚಕ್ರದಿಂದ ಟಕ್ ಟಕ್ ಸದ್ದು: ಸಿವಿ ಜಾಯಿಂಟ್ ಹೋಯಿತೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಬೇಕಾದಾಗ ಮಾತ್ರ ಫೋರ್ ವೀಲ್ ಡ್ರೈವ್‌ಗೆ ಹಾಕಿಕೊಳ್ಳುವ ಡೀಸೆಲ್ ಗಾಡಿ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ, ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಲಾಕ್ ಹಬ್‌ನಲ್ಲಿ ಇಲ್ಲ. 1,10,000 ಕಿಲೋಮೀಟರ್ ಓಡಿದೆ. ಕಳೆದ ವರ್ಷ ಮುಂಭಾಗವನ್ನು ಎರಡು ಇಂಚು ಎತ್ತರಿಸಿದ್ದೇನೆ.

ಡಾಂಬರು ರಸ್ತೆಯಲ್ಲಿ ಟೂ ವೀಲ್‌ನಲ್ಲಿ ಎಷ್ಟು ತಿರುಗಿಸಿದರೂ ಸದ್ದಿಲ್ಲ. ಕೆಸರು ದಾರಿಯಲ್ಲಿ ಫೋರ್ ವೀಲ್‌ಗೆ ಹಾಕಿ, ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಎಡ ಮುಂಚಕ್ರದ ಕಡೆಯಿಂದ ಟಕ್ ಟಕ್ ಎಂದು ಕೇಳುತ್ತದೆ. ಆ ಚಕ್ರದ ರಿಮ್ಮಿನ ಒಳಮೈಗೆ ಕಪ್ಪು ಜಿಡ್ಡು ಎರಚಿದಂತಿದೆ. ಗ್ಯಾರೇಜಿನವರು ಎರಡೂ ಕಡೆಯ ಶಾಫ್ಟ್, ಅಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ ಮತ್ತು ಅದರ ತುದಿಗಳಲ್ಲಿ ಬಾಗುವ ಕೀಲುಗಳಾದ ಸಿವಿ ಜಾಯಿಂಟ್‌ಗಳು, ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಟೂ ವೀಲ್‌ನಲ್ಲಿ ಸದ್ದಿಲ್ಲವಲ್ಲ, ಹಾಗಾಗಿ ಸದ್ಯಕ್ಕೆ ಓಡಿಸಬಹುದೇ? ಜಾಯಿಂಟಿನ ರಬ್ಬರ್ ಹೊದಿಕೆಯಾದ ಬೂಟ್ ಮಾತ್ರ ಬದಲಿಸಿದರೆ ಸಾಕೇ?

ಉತ್ತರ 1

ಓಡಿಸಬೇಡಿ ಸರ್. ಟೂ ವೀಲ್‌ನಲ್ಲಿ ಸದ್ದಿಲ್ಲದಿರುವುದನ್ನು ಆರೋಗ್ಯದ ಲಕ್ಷಣ ಎಂದುಕೊಳ್ಳಬೇಡಿ. ಆಗ ಮುಂದಿನ ಶಾಫ್ಟ್ ಚಕ್ರದ ಜೊತೆ ಸುಮ್ಮನೆ ಸುತ್ತುತ್ತದೆ, ಅದರ ಮೇಲೆ ಎಂಜಿನ್ನಿನ ಭಾರ ಬೀಳುವುದಿಲ್ಲ. ಭಾರವಿಲ್ಲದಿದ್ದರೆ, ಸವೆದ ಜಾಯಿಂಟ್ ಕೂಡ ಸದ್ದು ಮಾಡುವುದಿಲ್ಲ. ಆದರೆ ಸುತ್ತುವುದು ನಿಂತಿಲ್ಲವಲ್ಲ. ಹರಿದ ಬೂಟಿನಿಂದ ಪ್ರತಿ ಸುತ್ತಿಗೂ ಗ್ರೀಸ್ ಹೊರಕ್ಕೆ ಎರಚುತ್ತಿರುತ್ತದೆ, ದೂಳು ಮತ್ತು ನೀರು ಒಳಕ್ಕೆ ಹೋಗುತ್ತಿರುತ್ತವೆ. ನಿಮ್ಮ ರಿಮ್ಮಿನ ಒಳಗಿರುವ ಕಪ್ಪು ಜಿಡ್ಡು ಅದೇ.

ಒಳಗೆ ಏನಿದೆ ಎಂದು ಒಮ್ಮೆ ಮನಸ್ಸಿಗೆ ಬಂದರೆ ಈ ಆತಂಕ ಏಕೆಂದು ಗೊತ್ತಾಗುತ್ತದೆ. ಗೇರ್ ಬಾಕ್ಸಿನ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವ ಸಾಮಾನ್ಯ ಶಿಲುಬೆಯಾಕಾರದ ಜಾಯಿಂಟನ್ನು 30 ಡಿಗ್ರಿ ಬಾಗಿಸಿ ಸುತ್ತಿಸಿದರೆ, ಈ ಕಡೆ ಒಂದೇ ವೇಗವಿದ್ದರೂ ಆ ಕಡೆಯ ವೇಗ ಶೇಕಡಾ 13ರಷ್ಟು ಇಳಿದು ಶೇಕಡಾ 15ರಷ್ಟು ಏರುತ್ತದೆ, ಅದೂ ಒಂದು ಸುತ್ತಿಗೆ ಎರಡು ಸಲ. ಸ್ಟೀರಿಂಗ್ ತಿರುಗಿಸಿದ ಚಕ್ರಕ್ಕೆ ಹೀಗೆ ಜಗ್ಗಿ ಜಗ್ಗಿ ಶಕ್ತಿ ಕೊಟ್ಟರೆ ಕೈಯಲ್ಲಿ ಸ್ಟೀರಿಂಗ್ ನಿಲ್ಲುವುದಿಲ್ಲ. 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ರೂಪಿಸಿದ ಸಿವಿ ಜಾಯಿಂಟ್ ಇದಕ್ಕೆ ಪರಿಹಾರ. ಒಳಗೊಂದು ಗೋಳ, ಹೊರಗೊಂದು ಬಟ್ಟಲು, ಎರಡರಲ್ಲೂ ಕೊರೆದ ಬಾಗಿದ ಹಾದಿಗಳು, ಆ ಹಾದಿಗಳಲ್ಲಿ ಆರು ಉಕ್ಕಿನ ಗುಂಡುಗಳು, ಗುಂಡುಗಳನ್ನು ಹಿಡಿದಿಡುವ ಒಂದು ಪಂಜರ. ಎಷ್ಟೇ ಬಾಗಿದರೂ ಆರೂ ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುತ್ತವೆ. ಆದ್ದರಿಂದ ಎರಡೂ ಕಡೆ ವೇಗ ಸಮ. ಎಷ್ಟು ಸಲ ಬಿಚ್ಚಿ ನೋಡಿದರೂ ನನಗೆ ಇದರ ಮೇಲಿನ ಬೆರಗು ಕಡಿಮೆಯಾಗಿಲ್ಲ. ಗುಂಡಿಗೂ ಹಾದಿಗೂ ನಡುವೆ ಜಾಗವೇ ಇಲ್ಲ ಎನ್ನುವಷ್ಟು ನಿಖರವಾದ ಕೆಲಸ. ಅಲ್ಲಿಗೆ ಮರಳು ಸೇರಿದರೆ ಉಳಿದ ಗ್ರೀಸೇ ಉಕ್ಕನ್ನು ಅರೆಯುವ ಲೇಪವಾಗುತ್ತದೆ. ಹಾದಿಯಲ್ಲಿ ಹಳ್ಳ ಬೀಳುತ್ತದೆ, ಗುಂಡು ಅದರಲ್ಲಿ ಬಿದ್ದು ಎದ್ದಾಗ ಟಕ್ ಎನ್ನುತ್ತದೆ.

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಒಂದು ಪ್ರವಾಸದ ಹಿಂದಿನ ಸಂಜೆ ಗಾಡಿಯ ಕೆಳಗೆ ಮಲಗಿ ನೋಡಿದಾಗ ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಬಿರುಕು ಕಂಡಿತ್ತು. ಬಂದ ಮೇಲೆ ನೋಡೋಣ ಎಂದು ಹೊರಟುಬಿಟ್ಟೆ. ಮೂರು ದಿನ ಮರಳು, ತೊರೆ, ಮತ್ತೆ ಮರಳು. ಮರಳಿ ಬಂದು ಬಿಚ್ಚಿದಾಗ ಕಪ್ಪಾಗಿ ಹೊಳೆಯಬೇಕಿದ್ದ ಗ್ರೀಸ್ ಬೂದುಬಣ್ಣದ ಹಿಟ್ಟಾಗಿತ್ತು. ಬೆರಳ ನಡುವೆ ಉಜ್ಜಿದರೆ ಮರಳು ತಾಗುತ್ತಿತ್ತು. ಬೂಟ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಜಾಯಿಂಟನ್ನೇ ಬಲಿಕೊಟ್ಟೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಸದ್ದು ಶುರುವಾದ ಜಾಯಿಂಟಿಗೆ ಹೊಸ ಬೂಟ್, ಹೊಸ ಗ್ರೀಸ್ ಹಾಕಿದರೆ ಸದ್ದು ಕೆಲವು ದಿನ ತಗ್ಗಬಹುದು, ಸವೆದ ಉಕ್ಕು ಮತ್ತೆ ಬೆಳೆಯುವುದಿಲ್ಲ. ಎಡಗಡೆ ಹೊರ ಜಾಯಿಂಟ್ ಬದಲಿಸಲೇಬೇಕು ಎಂದೇ ನನ್ನ ಅಂದಾಜು. ಬಲಗಡೆಯದನ್ನು ನೋಡದೆ ಬದಲಿಸಬೇಡಿ. ಅಲ್ಲಿ ಬೂಟ್ ಹರಿಯದೆ ಚೆನ್ನಾಗಿದ್ದು, ಸದ್ದಿಲ್ಲದಿದ್ದರೆ ಆ ಜಾಯಿಂಟ್ ಇನ್ನೂ ಬಹಳ ದೂರ ಓಡುತ್ತದೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಒಬ್ಬರು ಹಿಡಿದುಕೊಂಡಿರುವಾಗ ನೀವು ಶಾಫ್ಟನ್ನು ಹಿಂದಕ್ಕೂ ಮುಂದಕ್ಕೂ ತಿರುಚಿ ನೋಡಿ. ಹೊರ ಜಾಯಿಂಟಿನಲ್ಲಿ ಕೈಗೆ ತಿಳಿಯುವಷ್ಟು ಸಡಿಲವಿದ್ದರೆ ಅದು ಸವೆದಿದೆ. ಆದರೆ ಶಾಫ್ಟನ್ನು ಒಳಕ್ಕೆ ಹೊರಕ್ಕೆ ಎಳೆದಾಗ ಜಾರಿದರೆ ಗಾಬರಿಯಾಗಬೇಡಿ. ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ) ಕಡೆಯ ಜಾಯಿಂಟ್ ಇರುವುದೇ ಹಾಗೆ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಉದ್ದ ಬದಲಾಗಬೇಕು, ಆ ಹೊಂದಾಣಿಕೆ ಅಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಅದರಲ್ಲಿ ಗುಂಡುಗಳ ಬದಲು ಮೂರು ರೋಲರ್‌ಗಳಿರುತ್ತವೆ. ಅದು ಸವೆದರೆ ತಿರುವಿನಲ್ಲಿ ಟಕ್ ಎನ್ನುವುದಿಲ್ಲ, ನೇರವಾಗಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗುತ್ತದೆ.

ಇನ್ನೊಂದು ಮಾತು. ಸದ್ದನ್ನು ಪರೀಕ್ಷಿಸಲೆಂದು ಒಣ ಡಾಂಬರಿನ ಮೇಲೆ ಫೋರ್ ವೀಲ್‌ಗೆ ಹಾಕಿ ಸುತ್ತಬೇಡಿ. ನಿಮ್ಮಂಥ ಗಾಡಿಯಲ್ಲಿ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ, ತಿರುವಿನಲ್ಲಿ ಮುಂದು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸಕ್ಕೆ ದಾರಿ ಸಿಗದೆ ಇಡೀ ಶಾಫ್ಟ್‌ಗಳ ಸಾಲು ಹುರಿಗೊಳ್ಳುತ್ತದೆ. ಸಡಿಲ ಮಣ್ಣಿನ ಮೇಲೆ ಮಾತ್ರ ಪರೀಕ್ಷಿಸಿ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ನನ್ನದು ಮುಂದೆಯೂ ಗಟ್ಟಿ ಆಕ್ಸಲ್ ಇರುವ ಹಳೆಯ ಗಾಡಿ. ಅದರಲ್ಲಿ ಜಾಯಿಂಟ್, ಚಕ್ರವನ್ನು ಹೊತ್ತು ತಿರುಗುವ ಭಾಗವಾದ ಸ್ಟೀರಿಂಗ್ ನಕಲ್‌ನ ಒಳಗೇ ಗ್ರೀಸಿನಲ್ಲಿ ಮುಳುಗಿರುತ್ತದೆ, ರಬ್ಬರ್ ಬೂಟ್ ಇರುವುದೇ ಇಲ್ಲ. ಅಂಥವರು ನಕಲ್‌ನ ಹಿಂದಿನ ಉಕ್ಕಿನ ಗೋಳವನ್ನು ನೋಡುತ್ತಿರಬೇಕು. ತೆಳುವಾಗಿ ಜಿಡ್ಡು ಸವರಿದಂತಿದ್ದರೆ ಚಿಂತೆಯಿಲ್ಲ. ನೀರಾದ ಗ್ರೀಸ್ ಇಳಿಯುತ್ತಿದ್ದರೆ ಆಕ್ಸಲಿನ ಒಳಗಿನ ಸೀಲ್ ಹೋಗಿ ಡಿಫರೆನ್ಷಿಯಲ್ ಎಣ್ಣೆ ಬಂದು ಬೆರೆತಿದೆ ಎಂದರ್ಥ. ಮೇಲಿಂದ ಗ್ರೀಸ್ ತುಂಬುತ್ತಾ ಹೋದರೆ ಪ್ರಯೋಜನವಿಲ್ಲ, ಸೀಲ್ ಬದಲಿಸಬೇಕು.

ಪ್ರಶ್ನೆ ಕೇಳಿದವರಿಂದ

ಭಾನುವಾರ ಇಡೀ ದಿನ ಕುಳಿತು ಬಿಚ್ಚಿದೆವು. ಎಡಗಡೆ ಹೊರ ಬೂಟ್ ದೊಡ್ಡ ಕ್ಲಾಂಪಿನ ಪಕ್ಕದ ಎರಡನೆಯ ಮಡಿಕೆಯಲ್ಲಿ ಅರ್ಧ ಸುತ್ತು ಸೀಳಿತ್ತು. ಗುಂಡುಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹಳ್ಳ, ಪಂಜರದ ಒಂದು ಕಿಂಡಿಯ ಮೂಲೆಯಲ್ಲಿ ಕೂದಲೆಳೆಯ ಬಿರುಕು. ಆ ಜಾಯಿಂಟ್ ಹೊಸದು ತರಿಸಿದ್ದೇನೆ. ಬಲಗಡೆ ಜಾಯಿಂಟಿನಲ್ಲಿ ಯಾವ ಸಡಿಲವೂ ಇಲ್ಲ, ಆದರೆ ಬೂಟಿನ ಅದೇ ಮಡಿಕೆ ಸವೆದು ತೆಳುವಾಗಿದೆ. ಜೋಡಿಸುವ ಮೊದಲು ಎರಡು ಸಂಶಯ. ಗ್ರೀಸ್ ಧಾರಾಳವಾಗಿ ತುಂಬಬಹುದೇ? ಬಿಚ್ಚದೆಯೇ ಅಂಟಿಸುವ ಸೀಳು ಬೂಟ್ ಸಿಗುತ್ತದೆಯಂತೆ, ಬಲಗಡೆಗೆ ಅದು ಸಾಕೇ?

ಉತ್ತರ 1 ಬರೆದವರಿಂದ

ಪಂಜರದ ಬಿರುಕು ಈಗಲೇ ಕಣ್ಣಿಗೆ ಬಿದ್ದದ್ದು ದೊಡ್ಡ ಸಮಾಧಾನ. ಅದು ತುಂಡಾಗಿ ಗುಂಡು ಜಾರಿದ್ದರೆ ಆ ಶಾಫ್ಟಿನಿಂದ ಚಕ್ರಕ್ಕೆ ಶಕ್ತಿಯೇ ಹೋಗುತ್ತಿರಲಿಲ್ಲ, ಏರಿನ ನಡುವೆ ನಿಲ್ಲಬೇಕಾಗುತ್ತಿತ್ತು.

ಗ್ರೀಸ್ ಕಿಟ್ಟಿನ ಜೊತೆ ಬಂದಷ್ಟೇ ಹಾಕಿ. ಹೊರ ಜಾಯಿಂಟಿಗೆ ಬೇಕಾದದ್ದು ಮೊಲಿಬ್ಡಿನಮ್ ಡೈಸಲ್ಫೈಡ್ ಬೆರೆತದ್ದು. ಚಕ್ರದ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡ. ಒಳ ಜಾಯಿಂಟಿನ ಗ್ರೀಸ್ ಬೇರೆಯೇ ಇರಬಹುದು, ಎರಡನ್ನೂ ಬೆರೆಸಬೇಡಿ. ಹೆಚ್ಚು ತುಂಬಿದರೆ ಬೂಟ್ ಉಬ್ಬುತ್ತದೆ. ಮೊದಲು ಗುಂಡುಗಳ ಹಾದಿಗೆ ಒತ್ತಿ ತುಂಬಿ, ಮಿಕ್ಕದ್ದನ್ನು ಬೂಟಿನೊಳಗೆ ಹಾಕಿ. ಕ್ಲಾಂಪ್ ಬಿಗಿಯುವ ಮುನ್ನ ಬೂಟಿನ ಸಣ್ಣ ಬಾಯಿಯನ್ನು ಎತ್ತಿ ಒಳಗಿನ ಗಾಳಿಯನ್ನು ಬಿಡಿ. ಜಾಯಿಂಟನ್ನು ಶಾಫ್ಟಿಗೆ ಹಿಡಿದಿಡುವ ಉಂಗುರವಾದ ಸರ್ಕ್ಲಿಪ್ಪನ್ನೂ ಹಬ್ ನಟ್ಟನ್ನೂ ಹೊಸದೇ ಹಾಕಿ, ನಟ್ಟನ್ನು ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಶಾಫ್ಟ್ ಹೊರಗಿರುವಾಗ ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಇಳಿಸಬೇಡಿ, ಹಲವು ಗಾಡಿಗಳಲ್ಲಿ ಬೇರಿಂಗನ್ನು ಒತ್ತಿ ಹಿಡಿಯುವುದು ಆ ನಟ್ಟೇ.

ಸೀಳು ಬೂಟ್ ದಾರಿಯಲ್ಲಿ ಕೆಟ್ಟಾಗ ಮನೆ ಸೇರಲು ಮಾತ್ರ. ಅದರ ಅಂಟಿಗೆ ಚೂರು ಜಿಡ್ಡು ತಾಗಿದರೂ ಬಿಟ್ಟುಕೊಳ್ಳುತ್ತದೆ, ಜಿಡ್ಡಿಲ್ಲದ ಸಿವಿ ಜಾಯಿಂಟನ್ನು ನಾನಂತೂ ಕಂಡಿಲ್ಲ. ಕೈ ಹೇಗೂ ಕೊಳೆಯಾಗಿದೆ, ಬಲಗಡೆಯದನ್ನೂ ಬಿಚ್ಚಿ ಪೂರ್ತಿ ಬೂಟ್ ಹಾಕಿಬಿಡಿ.

ನನಗೆ ಚಿಂತೆ ಇರುವುದು ಎರಡೂ ಕಡೆ ಅದೇ ಮಡಿಕೆ ಸವೆದಿರುವುದರ ಬಗ್ಗೆ. ಅದು ರಬ್ಬರಿನ ವಯಸ್ಸಲ್ಲ. ಎರಡು ಇಂಚು ಎತ್ತರಿಸಿದ ಮೇಲೆ ಶಾಫ್ಟ್ ನೇರ ರಸ್ತೆಯಲ್ಲೂ ಹೆಚ್ಚು ಬಾಗಿರುತ್ತದೆ. ಬೂಟಿನ ಮಡಿಕೆಗಳು ಒಂದಕ್ಕೊಂದು ತಾಗಿ ಉಜ್ಜುತ್ತವೆ. ಹೊಸ ಬೂಟಿಗೂ ಇದೇ ಗತಿಯಾದೀತು. ಡಿಫರೆನ್ಷಿಯಲನ್ನು ಸ್ವಲ್ಪ ಕೆಳಗಿಳಿಸುವ ಬ್ರಾಕೆಟ್ ನಿಮ್ಮ ಗಾಡಿಗೆ ಸಿಕ್ಕರೆ ಹಾಕಿಸಿ, ಇಲ್ಲವಾದರೆ ಎತ್ತರವನ್ನು ಒಂದಿಂಚು ಇಳಿಸಿ. ಜೋಡಣೆ ಮುಗಿದ ಮೇಲೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ಟೀರಿಂಗ್ ನೇರವಿಟ್ಟು, ಬೂಟಿನ ಮಡಿಕೆಗಳ ನಡುವೆ ಒಂದು ಕಾಗದ ತೂರಿಸಿ ನೋಡಿ. ಮೇಲ್ಭಾಗದಲ್ಲಿ ಕಾಗದ ಹೋಗದಿದ್ದರೆ ಫೋಟೋ ತೆಗೆದು ಇಲ್ಲಿ ಹಾಕಿ.