‘ಕಳ್ಳಿ’, ‘ಕತ್ತಾಳೆ’ ಮತ್ತು ‘ಕಾಡಿನ’ ಎಂಬ ವಿಶೇಷಣ: ಒಂದು ವಿಚಾರಣೆ

ಪದಾಸಕ್ತರಿಗೆ ಹಾಸನದಿಂದ ನಮಸ್ಕಾರಗಳು.

ಅರಿಜೋನಾದ ಟೂಸಾನ್ ನಗರದ ಬಳಿಯಿರುವ ಸವಾರೊ ರಾಷ್ಟ್ರೀಯ ಉದ್ಯಾನವನ್ನು ನೋಡಿಬಂದ ನನ್ನ ತಂಗಿಯ ಮಗಳು ಬರೆದಿರುವ ಪ್ರವಾಸಕಥನವನ್ನು ತಿದ್ದಲು ಕುಳಿತಾಗ, ಮೊದಲ ಪುಟದಲ್ಲಿಯೇ ತೊಡಕು ಎದುರಾಯಿತು. ಕ್ಯಾಕ್ಟಸ್ ಎನ್ನಬೇಕಾದ ಕಡೆಯಲ್ಲೆಲ್ಲ ಆಕೆ ‘ಕಳ್ಳಿ’ ಎಂದಿದ್ದಾಳೆ. ಅವು ಕುಂಡದಲ್ಲಿ ಸಾಕಿದವಲ್ಲ ಎಂದು ತಿಳಿಸಲು ‘ಕಾಡಿನ ಕಳ್ಳಿಗಳು’ ಎಂದಿದ್ದಾಳೆ.

‘ಕಳ್ಳಿ’ಯಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆಯ ನಮ್ಮ ಹಿರಿಯರಿಗೆ ಕಳ್ಳಿಯೆಂದರೆ ಮುರಿದೊಡನೆ ಹಾಲು ಸುರಿಸುವ ಬೇಲಿಗಿಡ. ಆ ಹಾಲು ಕಣ್ಣಿಗೆ ಸಿಡಿದೀತೆಂದು ನಮ್ಮನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅದು ಯುಫೋರ್ಬಿಯಾ, ಅಂದರೆ ಹರಳುಗಿಡದ ಬಳಗ. ಕ್ಯಾಕ್ಟಸ್ ಕುಟುಂಬವಾದರೋ, ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಒಂದು ಪ್ರಭೇದವು ಆಫ್ರಿಕ ಮತ್ತು ಶ್ರೀಲಂಕಾಗಳಲ್ಲಿಯೂ ಬೆಳೆಯುವುದನ್ನು ಬಿಟ್ಟರೆ, ಪೂರ್ತಿಯಾಗಿ ಅಮೆರಿಕ ಖಂಡಗಳದ್ದು. ಆದುದರಿಂದ ಕೊಲಂಬಸನ 1492ರ ಯಾನಕ್ಕೂ ಹಿಂದಿನ ಕನ್ನಡದಲ್ಲಿ ‘ಕಳ್ಳಿ’ ಎಲ್ಲಿಯೇ ಬಂದಿರಲಿ, ಅದು ಕ್ಯಾಕ್ಟಸ್ ಆಗಿರಲಾರದು. ಹೊಸ ಗಿಡ ಬಂದಾಗ ನಮ್ಮವರು ಅದನ್ನು ಬರಿಯ ಕಳ್ಳಿ ಎನ್ನದೆ ‘ಪಾಪಾಸುಕಳ್ಳಿ’ ಎಂದರು. ಪಾಪಾಸು ಎಂದರೆ ಜೋಡು, ಪಾರಸಿಯ ‘ಪಾಪೋಶ್’. ಅಟ್ಟೆಯಂತಿರುವ ಅದರ ಹೋಳನ್ನು ಕಂಡವರಾರೂ ಈ ಹೆಸರಿನೊಡನೆ ಜಗಳವಾಡಲಾರರು. (ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವೆಂದು ಭ್ರಮಿಸಿ 1795ರಲ್ಲಿ ಭಾರತಕ್ಕೆ ತಂದದ್ದು ಬೇರೆಯೇ ಹುಳುವಾಗಿದ್ದು, ಅದು ಬಣ್ಣ ಕೊಡುವ ಬದಲು ಪಾಪಾಸುಕಳ್ಳಿಯನ್ನೇ ಹೀರಿ ಒಣಗಿಸಿತೆಂಬುದು ಬೇರೆ ಕಥೆ.)

‘ಕತ್ತಾಳೆ’ಯದೂ ಇದೇ ದಾರಿ. ತಮಿಳಿನಲ್ಲಿ ‘ಕಱ್ಱಾೞೈ’ ಎಂದರೆ ಇಂದಿಗೂ ಲೋಳೆಸರ. ಅಮೆರಿಕದಿಂದ ಬಂದ ಅಗೇವ್ ಅಲ್ಲಿ ಆ ಹೆಸರಿನ ಮುಂದೆ ‘ಆನೆ’ ಸೇರಿಸಿಕೊಂಡಿತು. ಕನ್ನಡದಲ್ಲಿ ಮಾತ್ರ ನಾರಿನ ಹಗ್ಗದ ಅಗೇವ್ ಕತ್ತಾಳೆಯೆಂಬ ಹೆಸರನ್ನು ತಾನೇ ವಶಪಡಿಸಿಕೊಂಡು, ಹಳೆಯ ಗಿಡವನ್ನು ಲೋಳೆಸರಕ್ಕೆ ತಳ್ಳಿದಂತೆ ತೋರುತ್ತದೆ. ಈ ನನ್ನ ಊಹೆಯನ್ನು ಬಲ್ಲವರು ಪರೀಕ್ಷಿಸಬೇಕು.

ಇನ್ನು ‘ಕಾಡಿನ’. ಆ ಉದ್ಯಾನಕ್ಕೆ ಹೆಸರು ಕೊಟ್ಟ ಸವಾರೊ ಕ್ಯಾಕ್ಟಸ್ 12 ಮೀಟರಿಗೂ ಮೀರಿ ಬೆಳೆಯುವ ಮರದಂಥ ಗಿಡವಾದರೂ ಅದು ನಿಂತಿರುವುದು ಸೊನೋರಾ ಮರುಭೂಮಿಯಲ್ಲಿ. ಕಾಡು ಎಂದೊಡನೆ ಸಕಲೇಶಪುರ, ಬಿಸಿಲೆಗಳ ಓದುಗನ ಕಣ್ಣಿಗೆ ಬರುವುದು ಜಿಗಣೆ ಮತ್ತು ಮಳೆ. ಅಲ್ಲದೆ ಕಾಡುಬಾಳೆ, ಕಾಡುಮಲ್ಲಿಗೆ ಎಂಬಲ್ಲಿ ಆ ಪದವು ಜಾಗವನ್ನಷ್ಟೇ ಹೇಳುವುದಿಲ್ಲ, ಊರಿನದಲ್ಲದ ಬೇರೊಂದು ಜಾತಿ ಎನ್ನುತ್ತದೆ. ‘ಕಾಡುಕಳ್ಳಿ’ ಎಂದರೂ ಹಾಗೆಯೇ ಕೇಳಿಸೀತು. ‘ನೈಸರ್ಗಿಕ ಆವಾಸ’ ಪಠ್ಯಪುಸ್ತಕದ ಭಾಷೆ, ಪ್ರವಾಸಕಥನದಲ್ಲಿ ಒರಟಾಗುತ್ತದೆ. ನಾನು ತಾತ್ಕಾಲಿಕವಾಗಿ ‘ಹುಟ್ಟುನೆಲದ ಕಳ್ಳಿ’ ಎಂದು ತಿದ್ದಿದೆ. ಆಕೆ ಒಪ್ಪಲಿಲ್ಲ: ಜಾವಗಲ್ಲಿನ ಬೋರೆಯ ಮೇಲೆ ಯಾರೂ ನೆಡದೆ ಬೆಳೆದಿರುವ ಪಾಪಾಸುಕಳ್ಳಿಗೆ ಅದು ಹುಟ್ಟುನೆಲವಲ್ಲವಲ್ಲ, ಮಾವ, ಅದನ್ನೇನೆನ್ನುತ್ತೀರಿ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

‘ತಾನಾಗಿ ಹುಟ್ಟಿದ’ ಎಂಬ ಆಡುಮಾತು ಎರಡಕ್ಕೂ ಹೊಂದೀತೇ? ಕಡೂರು, ತರೀಕೆರೆಗಳ ಕಡೆ ಇದಕ್ಕೆ ಒಂದೇ ಪದದ ಬಳಕೆ ಇದ್ದರೆ, ಕೇಳಿದ ಊರಿನೊಡನೆ ದಯಮಾಡಿ ತಿಳಿಸಿರಿ.